ಕಾರ್ಖಾನೆಯ ಕುರ್ಚಿ

ಎಷ್ಟು ಒರೆಸಿದರೂ ಆ ನಾತ ಹೋಗಲಿಲ್ಲ. ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ಕಣ್ಣಿಗೆ ಕಟ್ಟಿಕೊಂಡರೆ ಸುತ್ತ ಬೇರೊಂದು ಲೋಕವೇ ಕಾಣುವ ಆ ಕಪ್ಪು ವಿಆರ್ ಡಬ್ಬಿಗಳ ಒಳಗಿನ ಸ್ಪಂಜನ್ನು ಅವನು ಉಜ್ಜುತ್ತಲೇ ಇದ್ದ. ಉಜ್ಜಿದಷ್ಟೂ ಹತ್ತಿ ಹಳದಿಗೆ ತಿರುಗುತ್ತಿತ್ತು. ನಿನ್ನೆ ಯಾವುದೋ ಕಾಲೇಜು, ಮೊನ್ನೆ ಯಾವುದೋ ಬಣ್ಣದ ಕಂಪನಿ, ಅದಕ್ಕೂ ಹಿಂದೆ ಇನ್ನೆಲ್ಲೋ. ಅಷ್ಟೂ ಜನರ ಹಣೆಯ ಬೆವರು, ತಲೆಯ ಎಣ್ಣೆ, ಕೆನ್ನೆಯ ಪೌಡರು ಈ ಸ್ಪಂಜಿನಲ್ಲಿ ಇಳಿದು, ಒಂದರೊಳಗೊಂದು ಬೆರೆತು, ಈಗ ಯಾರದೂ ಅಲ್ಲದ ಒಂದು ವಾಸನೆಯಾಗಿ ಕೂತಿತ್ತು. ಮೊದಲು, ವ್ಯಾಪಾರದ ಪಾಠ ಕಲಿಸುವ ಇದೇ ಆಟವನ್ನು ಅವನು ಮರದ ತುಂಡುಗಳಲ್ಲಿ, ಕಾಗದದ ಚೀಟಿಗಳಲ್ಲಿ ಆಡಿಸುತ್ತಿದ್ದ. ಮರದ ತುಂಡಿಗೆ ಯಾವ ವಾಸನೆಯೂ ಇರಲಿಲ್ಲ. ಆಮೇಲೆ ಅವನ ಸಂಸ್ಥೆಯವರಿಗೆ ಜ್ಞಾನೋದಯವಾಯಿತು: ಓದಿದ್ದು ಮರೆಯುತ್ತದೆ, ಮೈಮೇಲೆ ಬಂದದ್ದು ಮರೆಯುವುದಿಲ್ಲ. ಸಪ್ಲೈ ಚೈನನ್ನು, ಅಂದರೆ ಕಾರ್ಖಾನೆಯಿಂದ ಗಿರಾಕಿಯವರೆಗಿನ ಸರಕಿನ ಸರಪಳಿಯನ್ನು, ಪುಸ್ತಕದಲ್ಲಿ ಕಲಿಯಬೇಡಿ, ಅದರೊಳಗೆ ಮುಳುಗಿ ಕಲಿಯಿರಿ ಎಂದು ಬ್ರೋಷರಿನ ಮೇಲೆ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದರು. ಮುಳುಗಿದವರು ಎದ್ದ ಮೇಲೆ ಒರೆಸುವ ಕೆಲಸ ಇವನ ಪಾಲಿಗೆ ಬಂತು.

ಓದುವ ಕಾಲದಲ್ಲಿ ಅಕ್ಕನ ಮನೆಯಲ್ಲಿದ್ದಾಗ ಅವನಿಗೆಂದೇ ಒಂದು ಟವೆಲ್ಲಿತ್ತು. ಅಕ್ಕ ಅದನ್ನು ಬೇರೆಯಾಗಿ ಒಗೆದು, ಮಡಚಿ, ಬಚ್ಚಲಿನ ಬಾಗಿಲಿಗೆ ಹಾಕುತ್ತಿದ್ದಳು. ಬೆಳಿಗ್ಗೆ ಅವನು ಮುಖ ತೊಳೆದು ಕಣ್ಣುಮುಚ್ಚಿಕೊಂಡೇ ಕೈಚಾಚಿದರೆ ಅದು ಒದ್ದೆಯಾಗಿರುತ್ತಿತ್ತು. ಭಾವ ಒರೆಸಿಕೊಂಡಿರುತ್ತಿದ್ದರು. ಅವರ ಸ್ವಂತ ಟವೆಲ್ಲು ಪಕ್ಕದಲ್ಲೇ ಒಣಕಲಾಗಿ ನೇತಾಡುತ್ತಿರುತ್ತಿತ್ತು. ಬೇಕೆಂದೇ ಮಾಡುತ್ತಿದ್ದರೋ, ಕೈಗೆ ಸಿಕ್ಕಿದ್ದನ್ನು ಎಳೆದುಕೊಳ್ಳುತ್ತಿದ್ದರೋ, ಇವತ್ತಿಗೂ ಅವನಿಗೆ ಗೊತ್ತಿಲ್ಲ. ಇನ್ನೊಬ್ಬರ ಮೈಯ ತೇವವನ್ನು ಮುಖಕ್ಕೆ ಒತ್ತಿಕೊಂಡು ಅವನು ಕಾಲೇಜಿಗೆ ಹೋಗುತ್ತಿದ್ದ, ತುಟಿಪಿಟಕ್ಕೆನ್ನದೆ. ಅನ್ನ ಹಾಕುವ ಮನೆಯಲ್ಲಿ ಟವೆಲ್ಲಿನ ಮಾತು ಎತ್ತುವುದುಂಟೇ. ಆ ತೇವ ಈಗಲೂ ಕೆನ್ನೆಯ ಮೇಲೆಯೇ ಇದ್ದಂತಾಗಿ ಅವನು ಸ್ಪಿರಿಟ್ಟಿನ ಕೈಯನ್ನೇ ಕೆನ್ನೆಗೆ ಉಜ್ಜಿಕೊಂಡ. ಚುರುಗುಟ್ಟಿತು.

ಇವತ್ತಿನ ಕಂಪನಿಯ ಮೀಟಿಂಗ್ ರೂಮು. ಕಿಟಕಿಗಳು ತೆರೆಯುವಂಥವಲ್ಲ. ಮೂಲೆಯ ಪ್ಲಾಸ್ಟಿಕ್ ಗಿಡದ ಎಲೆಗಳ ಮೇಲೆ ಧೂಳು ಕೂತಿದ್ದು, ಯಾರೋ ಬೆರಳಿನಲ್ಲಿ ಅದರ ಮೇಲೆ ಗೀಚಿ ಬೇಸರ ಕಳೆದುಕೊಂಡಿದ್ದರು. ಬಿಳಿ ಹಲಗೆಯ ಮೇಲೆ ಹಳೆಯ ಯಾವುದೋ ಸಭೆಯ ಬರಹ ಅಳಿಸದೆ ಉಳಿದಿತ್ತು: ನಾವೆಲ್ಲ ಒಂದೇ ಕುಟುಂಬ. ಅದನ್ನು ಓದಿದಾಗಲೇ ಅವನಿಗೆ ಬೆಳಗಿನ ಫೋನು ಮತ್ತೆ ಕಿವಿಯಲ್ಲಿ ಕೇಳಿಸಿದ್ದು. ಅವನು ಇನ್ನೂ ಹಲ್ಲುಜ್ಜುತ್ತಿದ್ದ. ಬಾಯಿತುಂಬ ನೊರೆ ಇಟ್ಟುಕೊಂಡೇ ಹೂಂ ಅಂದಿದ್ದ.

"ನಿಮ್ಮ ಭಾವನ ಆಫೀಸಿಗೆ ಇವತ್ತು ನೀನು ಹೋಗ್ತಿದೀಯಂತೆ?" ಅಕ್ಕನ ದನಿ.

"ಹೌದಕ್ಕಾ. ಯಾರು ಹೇಳಿದ್ರು?"

"ಇನ್ಯಾರು ಹೇಳ್ತಾರೆ. ಸರಿಯಾಗಿ ಊಟ ಮಾಡ್ತಿಲ್ಲ ಕಣೋ ಇವರು. ಎರಡು ಆಫೀಸು ಸೇರಿಸಿ ಒಂದು ಮಾಡ್ತಾರಂತೆ. ಇವರ ಸೆಕ್ಷನ್ನಿನಲ್ಲಿ ನಾಲ್ಕು ಜನ ಇದಾರಲ್ಲ, ಹೊಸ ಕಡೆ ಮೂರು ಜನಕ್ಕೆ ಮಾತ್ರ ಜಾಗ. ನಿನ್ನ ಆಟದಲ್ಲಿ ಯಾರು ಹೇಗೆ ಆಡ್ತಾರೆ ಅಂತ ನೋಡಿ ಒಬ್ಬರನ್ನ ತೆಗೀತಾರಂತೆ."

"ಹಾಗೆಲ್ಲ ಮಾಡೋಕಾಗಲ್ಲ ಅಕ್ಕಾ. ಅದು ಬರೀ ಆಟ."

"ಅದೆಲ್ಲ ನನಗೆ ಅರ್ಥ ಆಗಲ್ಲ. ಈ ವಯಸ್ಸಿನಲ್ಲಿ ಇವರನ್ನ ಇನ್ಯಾರು ಕರೀತಾರೆ? ಸ್ವಲ್ಪ ನೋಡ್ಕೋ."

ಅಷ್ಟೇ ಹೇಳಿ ಇಟ್ಟುಬಿಟ್ಟಿದ್ದಳು. ಅಕ್ಕ ಅವನನ್ನು ಇದುವರೆಗೆ ಏನನ್ನೂ ಕೇಳಿದವಳಲ್ಲ. ಅವನು ಬಾಯಿಯ ನೊರೆ ಉಗಿದು ಕನ್ನಡಿ ನೋಡಿಕೊಂಡಾಗ, ಕೇಳದೆ ಇದ್ದವಳು ಕೇಳಿದಾಗ ಆಗಬೇಕಾದ ಮರುಕವೇನೂ ಆ ಮುಖದಲ್ಲಿರಲಿಲ್ಲ. ಇಷ್ಟು ವರ್ಷ ಯಾಕೆ ಕೇಳಲಿಲ್ಲ, ಇವತ್ತಿಗೆಂದೇ ಉಳಿಸಿಕೊಂಡಿದ್ದಳೇ ಎಂಬ ಹೊಲಸು ಯೋಚನೆಯೊಂದು ಬಂತು. ಅಕ್ಕನ ಬಗ್ಗೆ ಹೀಗೆ ಯೋಚಿಸಬಲ್ಲೆ ಎಂದು ಗೊತ್ತಾಗಿ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಆಟ ಬಹಳ ಸರಳ. ನಾಲ್ಕು ಕುರ್ಚಿ, ಒಂದರ ಹಿಂದೊಂದು. ಮೊದಲನೆಯದು ಸೋಪು ಮಾರುವ ಅಂಗಡಿ; ಅದರ ಹಿಂದೆ ಅಂಗಡಿಗೆ ಸರಕು ಕೊಡುವ ಸಗಟು ವ್ಯಾಪಾರಿ; ಅವನ ಹಿಂದೆ ಗೋದಾಮು; ಕೊನೆಯದು ಸೋಪು ತಯಾರಿಸುವ ಕಾರ್ಖಾನೆ. ಗಿರಾಕಿ ಅಂಗಡಿಯಲ್ಲಿ ಕೇಳುತ್ತಾನೆ, ಅಂಗಡಿಯವನು ತನ್ನ ಹಿಂದಿನವನಿಗೆ ಆರ್ಡರ್ ಕಳಿಸುತ್ತಾನೆ, ಅವನು ತನ್ನ ಹಿಂದಿನವನಿಗೆ. ಆರ್ಡರು ಹಿಂದಕ್ಕೆ ಮುಟ್ಟುವುದೂ ತಡ, ಸರಕು ಮುಂದಕ್ಕೆ ಬರುವುದೂ ತಡ. ಒಬ್ಬರ ಜೊತೆ ಒಬ್ಬರು ಮಾತಾಡುವಂತಿಲ್ಲ. ಗಿರಾಕಿ ಪಾಪ, ಒಂದು ದಿನ ಎಂದಿಗಿಂತ ಸ್ವಲ್ಪ ಹೆಚ್ಚು ಕೇಳುತ್ತಾನೆ, ಆಮೇಲೆ ಕೊನೆಯವರೆಗೂ ಅಷ್ಟನ್ನೇ ಕೇಳುತ್ತಾ ಹೋಗುತ್ತಾನೆ. ಅವನು ಮಾಡುವುದು ಅಷ್ಟೆ. ಆದರೆ ಅಂಗಡಿಯವನಿಗೆ ದಿಗಿಲು; ಎಲ್ಲಿ ಸಾಲದೆ ಹೋಗುತ್ತದೋ ಎಂದು ಇನ್ನೊಂದಿಷ್ಟು ಸೇರಿಸಿ ಬರೆಯುತ್ತಾನೆ. ಸಗಟಿನವನು ಅದಕ್ಕೆ ತನ್ನ ದಿಗಿಲನ್ನು ಸೇರಿಸುತ್ತಾನೆ, ಗೋದಾಮಿನವನು ತನ್ನದನ್ನು. ಕಾರ್ಖಾನೆಗೆ ಮುಟ್ಟುವ ಹೊತ್ತಿಗೆ ಊರಿಗೆ ಊರೇ ಸೋಪು ತಿನ್ನುತ್ತಿದೆಯೇನೋ ಎನ್ನುವಂಥ ಆರ್ಡರು. ಕಾರ್ಖಾನೆಯವನು ಇದ್ದಬದ್ದ ಯಂತ್ರವನ್ನೆಲ್ಲ ಓಡಿಸುತ್ತಾನೆ. ಸೋಪು ತಯಾರಾಗಿ ಹೊರಬರುವಾಗ ಅದು ಯಾರಿಗೂ ಬೇಡ.

ಆ ಕೊನೆಯ ಕುರ್ಚಿಯಲ್ಲಿ ಕೂತು ಮರ್ಯಾದೆ ಉಳಿಸಿಕೊಂಡವರನ್ನು ಅವನು ಕಂಡಿರಲಿಲ್ಲ. ನಿಜವಾದ ಕಾರ್ಖಾನೆ ನಡೆಸಿ ನಿವೃತ್ತರಾದವರು, ಇದೇ ವಿಷಯ ಪಾಠ ಮಾಡುವ ಪ್ರೊಫೆಸರುಗಳು, ಎಲ್ಲರೂ ಅಲ್ಲಿ ಬೆಪ್ಪಾಗಿದ್ದರು. ಅದು ಕೂತವರ ತಪ್ಪಲ್ಲ, ಕುರ್ಚಿಯ ಗುಣ. ಆಟ ಮುಗಿದ ಮೇಲೆ ಅವನು ನಾಲ್ವರ ಆರ್ಡರುಗಳ ಗ್ರಾಫನ್ನೂ ಗೋಡೆಯ ಮೇಲೆ ಹಾಕುತ್ತಿದ್ದ. ಏರಿಳಿತ ನೋಡಿ ಎಲ್ಲರೂ ಕಾರ್ಖಾನೆಯವನ ಕಡೆ ತಿರುಗಿ ಹಲ್ಲು ಕಿರಿಯುತ್ತಿದ್ದರು. ಆಗ ಅವನು ಗಿರಾಕಿಯ ಗೆರೆಯನ್ನು ತೋರಿಸುತ್ತಿದ್ದ. ಒಂದೇ ಒಂದು ಸಣ್ಣ ಮೆಟ್ಟಿಲು, ಆಮೇಲೆ ನೆಟ್ಟಗಿನ ಒಂದು ಗೆರೆ. ಹಲ್ಲು ಕಿರಿದವರು ತಮ್ಮ ತಮ್ಮ ಗ್ರಾಫಿನ ಕಡೆ ತಿರುಗುತ್ತಿದ್ದರು. "ಇಲ್ಲಿ ಯಾರೂ ತಪ್ಪು ಮಾಡಿಲ್ಲ. ನಿಮ್ಮ ಜಾಗದಲ್ಲಿ ಯಾರು ಕೂತಿದ್ರೂ ಹೀಗೇ ಆಗ್ತಿತ್ತು" ಎಂದು ಅವನು ಹೇಳಿದಾಗ ಆ ಕಾರ್ಖಾನೆಯವನ ಮುಖ ಸಡಿಲವಾಗುವುದನ್ನು ನೋಡಬೇಕು. ಅವನ ಕೆಲಸದಲ್ಲಿ ಶುಚಿಯಾಗಿ ಉಳಿದಿದ್ದ ಗಳಿಗೆ ಅದೊಂದೇ. ಉಳಿದದ್ದೆಲ್ಲ ಬೆವರು, ಸ್ಪಿರಿಟ್ಟು, ಮತ್ತು ಊಟಕ್ಕೆ ಮುಂಚೆ ಮುಗಿಸುತ್ತೀರಾ ಎಂಬ ಪ್ರಶ್ನೆ.

ಎಚ್‌ಆರ್ ಮ್ಯಾನೇಜರ್ ಒಳಗೆ ಬಂದ. ಎಳೆಯ ವಯಸ್ಸು, ಬಾಯಲ್ಲಿ ಪುದೀನದ ವಾಸನೆಯ ಗಮ್ಮು. ಅದನ್ನು ಅವನು ಅಗಿಯುವುದಕ್ಕಿಂತ ಹೆಚ್ಚಾಗಿ ನಾಲಿಗೆಯ ಮೇಲೆ ಹೊರಳಿಸುತ್ತಿದ್ದ. ಮಾತಿನ ನಡುವೆ ಅದು ಬಿಳಿಯಾಗಿ ಕಾಣಿಸಿ ಮರೆಯಾಗುತ್ತಿತ್ತು.

"ಸರ್, ಕೊನೆಗೆ ನಾಲ್ಕು ಜನದ್ದೂ ಗ್ರಾಫು ಬರುತ್ತಲ್ಲ, ಅದನ್ನ ನನಗೆ ಮೇಲ್ ಮಾಡಿಬಿಡಿ."

"ಇದು ಪರೀಕ್ಷೆ ಅಲ್ಲ ಸರ್, ಪಾಠ."

"ಪಾಠ ಅಂದಮೇಲೆ ಮಾರ್ಕ್ಸೂ ಇರುತ್ತಲ್ವಾ?" ಮ್ಯಾನೇಜರ್ ನಕ್ಕ. "ನೋಡಿ, ನನಗೆ ಯಾರ ಮೇಲೂ ದ್ವೇಷ ಇಲ್ಲ. ನಾನು ಆರಿಸಿದ್ರೆ ಪಕ್ಷಪಾತ ಅಂತಾರೆ. ಆಟ ಆರಿಸಿದ್ರೆ ಯಾರೂ ಏನೂ ಅನ್ನೋ ಹಾಗಿಲ್ಲ. ಎಲ್ಲರಿಗೂ ಒಂದೇ ಆಟ ತಾನೇ?"

ಒಂದೇ ಆಟ, ಆದರೆ ಒಂದೇ ಕುರ್ಚಿಯಲ್ಲ ಎಂದು ಅವನು ಹೇಳಬೇಕಿತ್ತು. ಹಾಗಿದ್ದರೆ ನಾನು ಆಡಿಸುವುದಿಲ್ಲ ಎಂದು ಡಬ್ಬಿಗಳನ್ನು ಪೆಟ್ಟಿಗೆಗೆ ತುಂಬಿ ಹೊರಟುಬಿಡಬಹುದಿತ್ತು. "ಆಗಲಿ ಸರ್" ಎಂದ. ಅನ್ನುವಾಗ ಮುಖದ ಮೇಲೆ ಒಂದು ನಗೆಯೂ ಬಂತು. ಆ ನಗೆಯನ್ನು ಅವನು ಬಲ್ಲ. ಅಕ್ಕನ ಮನೆಗೆ ನೆಂಟರು ಬಂದಾಗ ಭಾವ ಅವನ ಬೆನ್ನು ತಟ್ಟಿ, "ಇವನು ನಮ್ಮಲ್ಲೇ ಇರೋದು, ನಮ್ಮ ಮನೇಲೇ ಊಟ" ಎಂದು ಪರಿಚಯ ಮಾಡಿಕೊಡುವಾಗ ಇದೇ ನಗೆ ನಗುತ್ತಿದ್ದ.

ಕೈತೊಳೆಯಲು ಹೋದರೆ ಅಲ್ಲಿ ಭಾವ. ವಾಷ್‌ಬೇಸಿನ್ನಿಗೆ ಬಗ್ಗಿ ಗಂಟಲಿನೊಳಗೆ ನೀರು ಗಳಗಳಿಸುತ್ತಿದ್ದರು, ಮನೆಯಲ್ಲಿ ಮಾಡುತ್ತಿದ್ದ ಹಾಗೆಯೇ, ಕೊನೆಗೆ ಕ್ಯಾಕರಿಸಿ ಉಗಿಯುವವರೆಗೂ. ಉಗಿದದ್ದು ಬೇಸಿನ್ನಿನ ಅಂಚಿನಲ್ಲಿ ನಿಂತು ನಿಧಾನವಾಗಿ ಇಳಿಯಿತು. ತಲೆಯ ಮೇಲೆ ಕೂದಲು ತೆಳುವಾಗಿತ್ತು, ಬಣ್ಣ ಹಚ್ಚಿದ್ದು ನೆತ್ತಿಗೂ ಮೆತ್ತಿಕೊಂಡಿತ್ತು. ಕನ್ನಡಿಯಲ್ಲಿ ಅವನನ್ನು ನೋಡಿದರು.

"ಏನಯ್ಯಾ, ನಿಮ್ಮಕ್ಕ ಫೋನ್ ಮಾಡಿದ್ಲಾ?"

"ಮಾಡಿದ್ಲು ಭಾವ."

"ನನ್ನ ಅಂಗಡಿಲಿ ಕೂರಿಸು. ಆ ಕೊನೆ ಕುರ್ಚಿಲಿ ಕೂತೋರು ಯಾರೂ ಉದ್ಧಾರ ಆಗಲ್ಲ, ಮೊದಲನೆಯವನೇ ಬಚಾವ್ ಅಂತ ನೀನೇ ಅವತ್ತು ಹೇಳಿದ್ಯಲ್ಲ."

ಹೌದು, ಹೇಳಿದ್ದ. ಈ ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಕ್ಕನ ಮನೆಯ ಊಟದ ಮೇಜಿನ ಮೇಲೆ ಲೋಟಗಳನ್ನು ಸಾಲಾಗಿಟ್ಟು, ಇದು ಅಂಗಡಿ, ಇದು ಕಾರ್ಖಾನೆ ಎಂದು ವಿವರಿಸಿದ್ದ. ತನ್ನ ಟವೆಲ್ಲು ಒದ್ದೆ ಮಾಡುತ್ತಿದ್ದವರ ಮುಂದೆ ಒಮ್ಮೆಯಾದರೂ ಬುದ್ಧಿವಂತನಾಗಬೇಕಿತ್ತು ಅವನಿಗೆ. ಭಾವ ಬೆರಳು ನೆಕ್ಕುತ್ತ, ಆಕಳಿಸುತ್ತ ಕೇಳಿದ್ದರು. ಕೇಳಿಸಿಕೊಂಡಿಲ್ಲ ಎಂದು ಅವನು ನೊಂದುಕೊಂಡಿದ್ದ. ಒಂದಕ್ಷರ ಬಿಡದೆ ಕೇಳಿಸಿಕೊಂಡಿದ್ದರು.

"ಯಾವಾಗಲೂ ಚೀಟಿ ಎತ್ತಿಸ್ತೀನಿ ಭಾವ. ಯಾರಿಗೆ ಯಾವ ಕುರ್ಚಿ ಅಂತ."

"ಎತ್ತಿಸು, ಬೇಡ ಅಂದೋರ್ಯಾರು." ಭಾವ ಹತ್ತಿರ ಬಂದು ಅವನ ಹೆಗಲ ಮೇಲೆ ಒದ್ದೆ ಕೈಯಿಟ್ಟರು. "ಕೊನೇಲಿ ನಮ್ಮ ಸೆಕ್ಷನ್ನಿನ ಲೆಕ್ಕದಕ್ಕನ್ನ ಹಾಕು. ಅವಳು ಚುರುಕು, ಎಲ್ಲಿ ಹೋದ್ರೂ ಬದುಕ್ಕೋತಾಳೆ. ನಾನೆಲ್ಲಿಗೆ ಹೋಗ್ಲಿ?"

ಕೊನೆಯ ಮಾತು ಹೇಳುವಾಗ ದನಿ ಸಣ್ಣದಾಯಿತು, ಕೆಳದುಟಿ ಸ್ವಲ್ಪ ಅದುರಿತು. ಅದು ನಟನೆಯಾಗಿದ್ದರೆ ಎಷ್ಟು ಚೆನ್ನಾಗಿತ್ತು. ಭಾವ ಬರೀ ಕೆಟ್ಟವರಾಗಿದ್ದರೆ ಅವನ ಬಾಳು ಎಷ್ಟೋ ಹಗುರಾಗಿರುತ್ತಿತ್ತು. ಆದರೆ ಅವನಿಗೆ ವಿಷಮಶೀತ ಜ್ವರ ಬಂದು, ಕುಡಿದ ಗಂಜಿಯೆಲ್ಲ ಹಾಸಿಗೆಯ ಮೇಲೆಯೇ ಬಂದುಬಿಟ್ಟಾಗ, ಅಕ್ಕ ಮೂಗು ಮುಚ್ಚಿಕೊಂಡು ಬಾಗಿಲಲ್ಲಿ ನಿಂತಿದ್ದಾಗ, ಇದೇ ಕೈಗಳು ಅದನ್ನೆಲ್ಲ ಬಾಚಿ ಬಕೆಟ್ಟಿಗೆ ಹಾಕಿದ್ದವು. "ಮಲಗಯ್ಯಾ, ಏನಾಗಲ್ಲ" ಎಂದಿದ್ದರು. ಆ ಋಣವನ್ನು ನೆನೆದಾಗಲೂ ಅವನಿಗೆ ಕೃತಜ್ಞತೆಗಿಂತ ಮೊದಲು ಆ ಬಕೆಟ್ಟಿನ ನಾತ ನೆನಪಾಗುತ್ತಿತ್ತು. ಹೆಗಲ ಮೇಲೆ ಅಂಗಿ ಒದ್ದೆಯಾಗಿ ಐದು ಬೆರಳೂ ಮೂಡಿದ್ದವು. ಅವನು ಅದನ್ನು ಒರೆಸಲು ಹೋಗಲಿಲ್ಲ, ಭಾವ ನೋಡುತ್ತಿದ್ದರು.

ನಾಲ್ವರೂ ಬಂದರು. ಭಾವ ಮುಂದೆ, ಅವರ ಹಿಂದೆ, ಬಾಗಿಲು ದಾಟುವಾಗಲೇ ಏನೋ ತಮಾಷೆ ಮಾಡಿ ತಾನೇ ನಕ್ಕ ಒಬ್ಬ ಡೊಳ್ಳುಹೊಟ್ಟೆಯವನು, ಯಾರು ಏನು ಹೇಳಿದರೂ ತಲೆಯಾಡಿಸುವ ಒಬ್ಬ ಸಣಕಲ, ಕೊನೆಗೆ ಕನ್ನಡಕದ ಒಬ್ಬ ಹೆಂಗಸು. ಲೆಕ್ಕದಕ್ಕ ಇವಳೇ ಇರಬೇಕು ಎಂದುಕೊಂಡ. ಆಫೀಸಿನ ಸರಕಿನ ಲೆಕ್ಕವೆಲ್ಲ ಇವಳ ಬಾಯಲ್ಲೇ ಇರುತ್ತದೆಂದು ಭಾವ ಹಿಂದೆಲ್ಲ ಮೂಗು ಮುರಿಯುತ್ತಾ ಹೇಳಿದ್ದುಂಟು. ಅವನ ಅಕ್ಕನ ವಯಸ್ಸೇ. ಕೂರುವ ಮೊದಲು ಕುರ್ಚಿಯ ಮೇಲಿನ ಧೂಳನ್ನು ಕರ್ಚೀಫಿನಿಂದ ಒರೆಸಿ, ಪಕ್ಕದ ಕುರ್ಚಿಯನ್ನೂ ಒರೆಸಿದಳು. ಅದು ಅವನಿಗೆ ಹಿಡಿಸಿತು. ಹಿಡಿಸಬಾರದಿತ್ತು.

"ಸರ್, ಒಂದು ಕೇಳ್ಲಾ?" ಎಂದಳು. "ಮೊದಲು ಯಾರ್ಯಾರಿಗೆ ಯಾವ ಜಾಗ ಅಂತ ಹೇಗೆ?"

ನಾಲ್ಕು ಚೀಟಿಗಳು ಅವನ ಜೇಬಿನಲ್ಲಿ ಮಡಚಿಯೇ ಇದ್ದವು. ಕೈ ಜೇಬಿಗೆ ಹೋಯಿತು, ಬೆರಳಿಗೆ ಅವು ತಾಗಿದವು. ಭಾವ ಮೇಜನ್ನು ನೋಡುತ್ತಿದ್ದರು. "ನಾನೇ ಕೂರಿಸ್ತೀನಿ" ಎಂದು ಅವನ ಬಾಯಿ ಹೇಳಿತು. "ಹಿರಿಯರು ಮುಂದಿರಲಿ, ಅಂಗಡಿಗೆ. ಸಗಟು ವ್ಯಾಪಾರಕ್ಕೆ ನೀವು" ಎಂದು ಡೊಳ್ಳುಹೊಟ್ಟೆಯವನತ್ತ ಕೈತೋರಿಸಿದ. "ಗೋದಾಮು ನಿಮಗೆ. ಮೇಡಂ, ನೀವು ಕಾರ್ಖಾನೆ." ಇಷ್ಟು ಸಲೀಸಾಗಿ ಹೊರಬರುತ್ತದೆಂದು ಅವನು ಎಣಿಸಿರಲಿಲ್ಲ. ಹಿರಿಯರು ಮುಂದಿರಲಿ ಎಂಬ ಮಾತಿಗೆ ಲೆಕ್ಕದಕ್ಕ ಒಪ್ಪಿಗೆಯಿಂದ ನಕ್ಕು, ಎದ್ದು, ಹಿಂದಿನ ಕುರ್ಚಿಗೆ ಹೋದಳು. ಮ್ಯಾನೇಜರ್ ಗೋಡೆಗೊರಗಿ ಗಮ್ಮು ಹೊರಳಿಸುತ್ತ ನಿಂತ.

ಡಬ್ಬಿ ಕಟ್ಟಿಕೊಂಡವರನ್ನು ಹೊರಗಿನಿಂದ ನೋಡುವುದು ಅವನಿಗೆ ಎಂದಿಗೂ ಹಿಡಿಸದ ಕೆಲಸ. ಕಣ್ಣು ಮರೆಯಾದೊಡನೆ ಜನರ ಬಾಯಿ ಬೇರೆಯಾಗಿಬಿಡುತ್ತದೆ. ತೆರೆದುಕೊಳ್ಳುತ್ತದೆ, ನಾಲಿಗೆ ಹೊರಗೆ ಬರುತ್ತದೆ, ಯಾರೂ ನೋಡುತ್ತಿಲ್ಲವೆಂಬಂತೆ ತುಟಿ ಕಚ್ಚುತ್ತದೆ. ಡೊಳ್ಳುಹೊಟ್ಟೆಯವನ ಜೊಲ್ಲು ಗಲ್ಲದ ತನಕ ಬಂದಿತ್ತು. ಸಣಕಲ ಗಾಳಿಯಲ್ಲಿ ಬೆರಳಾಡಿಸುತ್ತ ಯಾರಿಗೋ ಕ್ಷಮೆ ಕೇಳುತ್ತಿದ್ದ. ಭಾವ ಬಾಯಿ ಚಪ್ಪರಿಸುತ್ತ, ತಮ್ಮ ಅಂಗಡಿಯ ಮುಂದೆ ಕೂಗಾಡುವ ಗಿರಾಕಿಗಳಿಗೆ "ಬರುತ್ತೆ, ಬರುತ್ತೆ" ಎನ್ನುತ್ತಿದ್ದರು. ಮತ್ತೆ ಬೇಕಾದ್ದಕ್ಕಿಂತ ಹೆಚ್ಚು ಬರೆದು ಹಿಂದಕ್ಕೆ ಕಳಿಸಿದರು, ಎಲ್ಲರೂ ಕಳಿಸುವ ಹಾಗೆ. ಅವನ ಮುಂದಿನ ಪರದೆಯಲ್ಲಿ ಆ ಆರ್ಡರು ಹಿಂದಕ್ಕೆ ಹಿಂದಕ್ಕೆ ಸಾಗುತ್ತ ಊದಿಕೊಳ್ಳುವುದು ಕಾಣುತ್ತಿತ್ತು. ಲೆಕ್ಕದಕ್ಕನ ಕಡೆ ಇನ್ನೂ ಏನೂ ಮುಟ್ಟಿರಲಿಲ್ಲ. ಅವಳು ನೆಟ್ಟಗೆ, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನಿಶ್ಶಬ್ದವಾದ ಯಂತ್ರಗಳ ನಡುವೆ ತಾನೊಬ್ಬಳೇ ನಿಂತ ಹಾಗೆ ಅವಳಿಗೆ ಕಾಣುತ್ತಿದ್ದಿರಬೇಕು. ಹೋಗಿ ಹೇಳು, ಈಗಲೂ ಹೊತ್ತು ಮೀರಿಲ್ಲ, ಇನ್ನು ಸ್ವಲ್ಪದರಲ್ಲಿ ಬರುವುದನ್ನು ನಂಬಬೇಡಿ ಅಂತ ಕಿವಿಯಲ್ಲಿ ಹೇಳು ಎಂದು ಒಳಗೆ ಏನೋ ಚುಚ್ಚಿತು. ಅವನು ಪರದೆಯ ಮುಂದಿನಿಂದ ಕದಲಲಿಲ್ಲ. ಮ್ಯಾನೇಜರ್ ಇದ್ದಾನಲ್ಲ ಎಂದು ನೆಪ ಹೇಳಿಕೊಂಡ. ನೆಪ ಸಿಕ್ಕಿದ್ದಕ್ಕೆ ಖುಷಿಯೂ ಆಯಿತು.

ಆರ್ಡರು ಮುಟ್ಟಿತು. ಅವಳು ಬೆಚ್ಚಿಬಿದ್ದಳು. ಆಮೇಲೆ ನಡೆದದ್ದು ಅವನು ಎಷ್ಟೋ ಊರುಗಳಲ್ಲಿ ನೋಡಿದ್ದೇ: ಮೊದಲು ಒಂದು ಯಂತ್ರ, ಆಮೇಲೆ ಎರಡು, ಆಮೇಲೆ ಎಲ್ಲವೂ; ತುಟಿಗಳ ಚಲನೆಯಲ್ಲೇ ಕೂಡಿಸಿ ಕಳೆಯುವುದು; ಹಣೆಯಿಂದ ಇಳಿದ ಬೆವರು ಸ್ಪಂಜಿನ ಅಂಚಿನಲ್ಲಿ ಹನಿಯಾಗಿ ನಿಲ್ಲುವುದು. ಮುಂದಿನವರು ಕೇಳುವುದನ್ನು ನಿಲ್ಲಿಸಿದಾಗ ಅವಳ ಸೋಪಿನ ಪೆಟ್ಟಿಗೆಗಳು ಏಳತೊಡಗಿದವು. ಡಬ್ಬಿ ತಯಾರಿಸಿದವರು ಇಲ್ಲಿ ತಮ್ಮ ಕೈಚಳಕವನ್ನೆಲ್ಲ ತೋರಿಸಿದ್ದರು. ಪೆಟ್ಟಿಗೆಗಳು ಎದೆಯ ಮಟ್ಟಕ್ಕೆ, ಕುತ್ತಿಗೆಯ ಮಟ್ಟಕ್ಕೆ, ತಲೆಯ ಮೇಲಕ್ಕೆ ಬರುತ್ತವೆ, ಬೆಳಕು ಕುಗ್ಗುತ್ತದೆ, ಕಾಲ ಕೆಳಗಿನ ನೆಲ ತೂಗಿದ ಹಾಗಾಗುತ್ತದೆ. ಅವಳು ಕುರ್ಚಿಯ ಕೈಯನ್ನು ಹಿಡಿದುಕೊಂಡಳು. ಬಾಯಿ ಬಿಗಿಯಾಯಿತು. ಅವನಿಗೆ ಗೊತ್ತಾಯಿತು, ಅವಳ ಹತ್ತಿರಕ್ಕೆ ಓಡಿದ, ಆದರೆ ಅವಳ ಕೈಗೂ ಅವನ ಕೈಗೂ ಹಿಂದಿನ ಪಟ್ಟಿ ಬಿಚ್ಚಲು ಬರಲಿಲ್ಲ. ಬೆಳಗಿನ ತಿಂಡಿಯೆಲ್ಲ ಅವಳ ಮಡಿಲಿಗೆ, ಅವನ ಅಂಗೈಗೆ, ಡಬ್ಬಿಯ ಅಂಚಿಗೆ ಬಂದುಬಿಟ್ಟಿತು. ಬಿಸಿಯಾಗಿತ್ತು, ಹುಳಿ ನಾತ.

"ಅಯ್ಯೋ, ಸಾರಿ ಸರ್, ಸಾರಿ" ಎನ್ನುತ್ತಿದ್ದಳು ಲೆಕ್ಕದಕ್ಕ. ಡೊಳ್ಳುಹೊಟ್ಟೆಯವನು ಡಬ್ಬಿ ಮೇಲಕ್ಕೆತ್ತಿ ನೋಡಿ, ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿದ. ಸಣಕಲ ಕುಡಿಯುವ ನೀರು ಹುಡುಕುತ್ತ ಹೊರಗೆ ಹೋದ. ಭಾವ ಮಾತ್ರ ಡಬ್ಬಿ ತೆಗೆದಿರಲಿಲ್ಲ. "ಏನದು ಗಲಾಟೆ?" ಎಂದರು ಗಾಳಿಗೆ ಮುಖ ಮಾಡಿ. "ಆಟ ನಿಲ್ಲಿಸ್ಬೇಡಿ, ನನ್ನ ಅಂಗಡಿ ಈಗ ಚೆನ್ನಾಗಿ ನಡೀತಿದೆ."

ಅವಳು ಬಚ್ಚಲಿಗೆ ಹೋದ ಮೇಲೆ ಅವನು ಮೊಣಕಾಲೂರಿ ನೆಲ ಒರೆಸಿದ. ಅಚ್ಚರಿಯೆಂದರೆ ಅದೊಂದು ಹೊತ್ತು ಅವನಿಗೆ ಹೇಸಿಗೆ ಅನ್ನಿಸಲಿಲ್ಲ. ಇನ್ನೂ ಸ್ವಲ್ಪ ಇದ್ದಿದ್ದರೆ ಅದನ್ನೂ ಒರೆಸುತ್ತಿದ್ದ. ಆಟ ಹೇಗೂ ಮುಗಿಯುವುದರಲ್ಲಿತ್ತು. ನಾಲ್ಕು ಗ್ರಾಫುಗಳೂ ತಾವಾಗಿಯೇ ಗೋಡೆಯ ಮೇಲೆ ಮೂಡಿದವು. ಭಾವನದು ಸಣ್ಣ ಅಲೆ. ಕಾರ್ಖಾನೆಯದು ಆಕಾಶಕ್ಕೆ ಹಾರಿ ಪಾತಾಳಕ್ಕೆ ಬಿದ್ದಿತ್ತು.

ಮ್ಯಾನೇಜರ್ ಬಹಳ ಹೊತ್ತು ನೋಡಿದ. ಗಮ್ಮು ನಿಂತಿತು. "ಅಂಗಡಿ ಸರ್ ಪರವಾಗಿಲ್ವೇ" ಎಂದ. ಭಾವ ಕತ್ತು ನೀವಿಕೊಂಡು, "ಅನುಭವ ಸಾರ್" ಎಂದರು. ಮ್ಯಾನೇಜರ್ ಇವನ ಕಡೆ ತಿರುಗಿ ಬ್ರೋಷರು ಬಿಡಿಸಿದ. "ಕೊನೆಗೆ ಚರ್ಚೆ ಅಂತ ಇದೆಯಲ್ಲ ಇದರಲ್ಲಿ. ಏನಾದ್ರೂ ವಿವರಿಸೋದಿದೆಯಾ?"

ಗಿರಾಕಿಯ ಗೆರೆ ಒಂದು ಗುಂಡಿಯ ದೂರದಲ್ಲಿತ್ತು. ಬೆರಳಿನಿಂದ ಒತ್ತಿದರೆ ಗೋಡೆಯ ಮೇಲೆ ನೆಟ್ಟಗಿನ ಆ ಗೆರೆ ಬರುತ್ತಿತ್ತು, ಇಷ್ಟು ವರ್ಷ ಬಂದ ಹಾಗೆ, ಮ್ಯಾನೇಜರಿಗೂ ಅರ್ಥವಾಗುತ್ತಿತ್ತು, ಅವನೇನು ದಡ್ಡನಲ್ಲ. ಹಾಗಾದರೆ ಈ ಗ್ರಾಫಿನಿಂದ ಪ್ರಯೋಜನವಿಲ್ಲ ಎಂದು ಬೇರೆ ಅಳತೆಗೋಲು ಹುಡುಕುತ್ತಿದ್ದ. ಬೇರೆ ಯಾವ ಕೋಲಿನಲ್ಲಿ ಅಳೆದರೂ ಭಾವ ಗಿಡ್ಡ. ಅಕ್ಕ ನೋಡ್ಕೋ ಅಂದಿದ್ದಳು. "ಇಲ್ಲ ಸರ್" ಎಂದ ಅವನು. "ಗ್ರಾಫು ನೋಡಿದ್ರೆ ಗೊತ್ತಾಗುತ್ತಲ್ಲ." ಹೇಳಿದ ಮೇಲೆ ಬಾಯೊಳಗೆ ತುಕ್ಕು ಹಿಡಿದ ಕಬ್ಬಿಣದ ರುಚಿ ಹಬ್ಬಿತು. ಭಾವ ಅವನನ್ನು ನೋಡಿ ಕಣ್ಣಲ್ಲೇ, ಭೇಷ್ ಅಂದರು. ಟವೆಲ್ಲಿನ ದಿನಗಳಲ್ಲಿ ಆ ಮುಖದಿಂದ ಬರಲಿ ಎಂದು ಅವನು ಎಷ್ಟೋ ಬಯಸಿದ್ದ ಮೆಚ್ಚುಗೆಯದು. ಈಗ ಬಂತು.

ಲೆಕ್ಕದಕ್ಕ ಮುಖ ತೊಳೆದು, ಸೀರೆಯ ನೆರಿಗೆ ಒದ್ದೆ ಮಾಡಿಕೊಂಡು ಬಂದಾಗ ಅವನು ಕಾರಿಡಾರಿನಲ್ಲಿ ಅವಳ ಡಬ್ಬಿಯನ್ನು ಒರೆಸುತ್ತಿದ್ದ. ಅವಳು ಬಾಗಿಲಿನಿಂದಲೇ ಗೋಡೆಯ ಗ್ರಾಫನ್ನು ನೋಡಿದಳು. ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ಮತ್ತೆ ನೋಡಿದಳು.

"ನಾನೆಲ್ಲಿ ತಪ್ಪು ಮಾಡಿದೆ ಸರ್?"

"ಅಂದ್ರೆ?"

"ಬಂದ ಆರ್ಡರನ್ನೇ ಲೆಕ್ಕ ಹಾಕ್ದೆ. ಕೂಡಿಸೋದರಲ್ಲಿ ತಪ್ಪಿಲ್ಲ, ನನಗೆ ಗೊತ್ತು. ಆದ್ರೂ ಹೀಗಾಯ್ತಲ್ಲ." ದನಿ ಇಳಿಸಿದಳು. "ಇವತ್ತು ಯಾಕೆ 'ಪಾಠ' ಅಂತ ನಮಗೂ ಗೊತ್ತು ಸರ್. ಯಾರೂ ಬಾಯಿಬಿಟ್ಟು ಹೇಳಿಲ್ಲ, ಅಷ್ಟೆ. ಈ ಕೆಲಸ ಹೋದ್ರೆ ನನಗೆ ಕಷ್ಟ ಆಗುತ್ತೆ. ಎಲ್ಲಿ ತಪ್ಪಿದೆ ಅಂತ ನೀವಾದ್ರೂ ಹೇಳಿದ್ರೆ ತಿದ್ದಿಕೋತೀನಿ."

ಎಲ್ಲೂ ತಪ್ಪಿಲ್ಲ. ಎರಡು ಪದ. ಇದೇ ಮಾತನ್ನು ಗುರುತು ಪರಿಚಯವಿಲ್ಲದ ಎಷ್ಟೋ ಜನರಿಗೆ, ಬೇಕಾಗಲಿ ಬೇಡವಾಗಲಿ, ನಗುನಗುತ್ತ ಹಂಚಿದ್ದ. ಒಳಗೆ ಭಾವ ಡೊಳ್ಳುಹೊಟ್ಟೆಯವನಿಗೆ ಅಂಗಡಿ ನಡೆಸುವುದು ಹೇಗೆಂದು ಹೇಳಿಕೊಡುತ್ತಿದ್ದುದು ಕೇಳುತ್ತಿತ್ತು. ಅವಳು ಕಾಯುತ್ತಿದ್ದಳು, ಮೇಷ್ಟರ ಮುಂದೆ ನಿಂತವಳ ಹಾಗೆ, ಅವನು ಏನು ಹೇಳಿದರೂ ನಂಬುವ ಮುಖ ಹೊತ್ತು. ಆ ಮುಖ ಅವನನ್ನು ರೇಗಿಸಿತು. ಇಷ್ಟು ನಂಬುವವರಿಗೆ ಹೀಗೇ ಆಗಬೇಕು ಎಂಬ ನೀಚ ಯೋಚನೆ ಹಾದುಹೋಯಿತು.

"ಸ್ವಲ್ಪ ಅವಸರ ಮಾಡಿದ್ರಿ ಮೇಡಂ" ಎಂದ. ಏನಾದರೂ ಹೇಳಲೇಬೇಕಿತ್ತು, ಬಾಯಿಗೆ ಬಂದದ್ದು ಅದು. "ತಾಳ್ಮೆ ಬೇಕು. ಆರ್ಡರು ಬಂದ ಕೂಡಲೇ ಯಂತ್ರ ಮುಟ್ಟಬಾರದಿತ್ತು. ಶುರುವಿನಲ್ಲಿ ಏನೂ ಮಾಡದೆ ಸುಮ್ಮನೆ ಕೂತಿದ್ರೆ ಎಲ್ಲ ತಾನಾಗೇ ಸರಿಹೋಗ್ತಿತ್ತು."

ಹಸಿ ಸುಳ್ಳು. ಸೋಪು ತಯಾರಾಗುವುದಕ್ಕೇ ಹೊತ್ತು ಹಿಡಿಯುವ ಆ ಕುರ್ಚಿಯಲ್ಲಿ, ಮೊದಮೊದಲಲ್ಲಿ ಕೈಕಟ್ಟಿ ಕೂರುವುದಕ್ಕಿಂತ ದೊಡ್ಡ ತಪ್ಪಿಲ್ಲ. ಹಾಗೆ ಮಾಡಿದರೆ ಮುಂದಿನ ಮೂವರ ಕಪಾಟೂ ಖಾಲಿಯಾಗಿ, ಎಲ್ಲರ ಬೈಗುಳವೂ ಕೊನೆಯವರ ಮೇಲೇ ಬೀಳುತ್ತದೆ. ಹೋಗಲಿ, ಮುಗಿದುಹೋದ ಆಟದ ಬಗ್ಗೆ ಏನು ಹೇಳಿದರೇನು ಎಂದು ಅವನು ಸಮಾಧಾನ ಮಾಡಿಕೊಂಡ. ಅವಳ ಮುಖ ಮಾತ್ರ ಅರಳಿತು. ಹಾಗೋ ಎಂದು ತಲೆದೂಗಿದಳು. ಥ್ಯಾಂಕ್ಸ್ ಸರ್ ಎಂದಳು. ಆಮೇಲೆ ಅವನನ್ನು ದಾಟಿ ಸೀದಾ ಒಳಗೆ ಹೋಗಿ, ಮ್ಯಾನೇಜರ್ ಮುಂದೆ ನಿಂತು, ಊಟಕ್ಕಿನ್ನೂ ಹೊತ್ತಿದೆಯಲ್ಲ ಸರ್, ಇನ್ನೊಂದು ಸಲ ಆಡೋಣ, ನನಗೆ ಅದೇ ಕುರ್ಚಿ ಕೊಡಿ ಎಂದಳು.

ಮ್ಯಾನೇಜರ್ ಅಚ್ಚರಿಯಿಂದ ನಕ್ಕ. ಇದಪ್ಪಾ ಛಲ ಅಂದ್ರೆ, ಇಬ್ಬರ ಮುಂದೆ ಹೇಳಿಕೊಳ್ಳೋ ಹಾಗಿದೆ ಎಂದ. ಎರಡನೆಯದನ್ನೂ ಲೆಕ್ಕಕ್ಕೆ ಹಿಡಿಯೋಣ ಎಂದ. ಭಾವ ಗಂಟು ಮೋರೆ ಹಾಕಿಕೊಂಡು ಇವನ ಕಡೆ ನೋಡಿದರು. ಇವನು ಕಣ್ಣು ತಪ್ಪಿಸಿದ. ಬೇರೆ ಕುರ್ಚಿ ತಗೊಳ್ಳಿ ಮೇಡಂ, ಈ ಸಲ ಬದಲಾಯಿಸೋಣ ಎಂದು ಹೇಳಲು ಬಾಯಿ ತೆರೆದ. ತೆರೆದ ಬಾಯಿಯಿಂದ ಹೊರಟದ್ದು, "ಆ ಡಬ್ಬಿ ಇನ್ನೂ ಒಣಗಿಲ್ಲ" ಎಂಬ ಮಾತು.

"ಪರವಾಗಿಲ್ಲ ಸರ್, ನನ್ನದೇ ತಾನೇ" ಎಂದು ಅವಳು ಕೂತು, ಕನ್ನಡಕ ತೆಗೆದಿಟ್ಟು, ಮುಖ ಮುಂದೆ ಚಾಚಿದಳು. ಅವನು ಡಬ್ಬಿಯನ್ನು ಅವಳ ಕಣ್ಣಿಗಿಟ್ಟು ಹಿಂದೆ ಪಟ್ಟಿ ಬಿಗಿದ. ಸ್ಪಂಜಿನ ತೇವ ಅವಳ ಹಣೆಗೆ ತಾಗಿದಾಗ ಅವಳ ಮೂಗಿನ ಹೊಳ್ಳೆ ಒಂದಿಷ್ಟು ಮುದುಡಿ ಸರಿಹೋಯಿತು. ಅವಳ ಕಿವಿ ಅವನ ಬಾಯಿಯ ಪಕ್ಕದಲ್ಲೇ ಇತ್ತು. ಹೇಳುವುದಿದ್ದರೆ ಈಗ. ಅವನ ಉಸಿರು ಅವಳ ಕೂದಲಿಗೆ ತಾಗುತ್ತಿತ್ತು, ಅವಳು ಅಲುಗಾಡದೆ ಕಾದಳು. "ಸರಿಯಾಗಿದೆಯಾ ಮೇಡಂ?" ಎಂದು ಕೇಳಿ, ಅವಳು ಹೌದು ಎಂದ ಮೇಲೆ, ತನ್ನ ಮೇಜಿಗೆ ಹೋಗಿ ಗುಂಡಿ ಒತ್ತಿದ.

ಗಿರಾಕಿ ಬಂದ. ಭಾವ ಹೆದರಿ ಹೆಚ್ಚು ಬರೆದರು, ಸಗಟಿನವನು ಇನ್ನಷ್ಟು ಬರೆದ, ಗೋದಾಮಿನವನು ಮತ್ತಷ್ಟು. ಸ್ವಲ್ಪ ಹೊತ್ತಿಗೆ ಆರ್ಡರು ಕಾರ್ಖಾನೆಗೂ ಮುಟ್ಟಿತು. ಮುಂದಿನ ಮೂವರ ಕಪಾಟುಗಳು ಒಂದೊಂದಾಗಿ ಬರಿದಾಗುತ್ತ ಬಂದವು, ಕಾಣದ ಜನರ ಕೂಗಾಟ ಸ್ಪೀಕರಿನಿಂದ ಹೊರಬಿದ್ದು ರೂಮು ತುಂಬಿತು, ಡೊಳ್ಳುಹೊಟ್ಟೆಯವನು ಥೂ, ಹಿಂದೆ ಯಾರ್ರೀ ಕೂತಿರೋದು ಎಂದು ಬೈದ, ಮ್ಯಾನೇಜರ್ ಗೋಡೆ ಬಿಟ್ಟು ಮುಂದೆ ಬಂದು ಪರದೆ ನೋಡತೊಡಗಿದ. ಲೆಕ್ಕದಕ್ಕನ ಬೆರಳುಗಳು ಎರಡು ಸಲ ತೊಡೆಯಿಂದ ಮೇಲೆದ್ದವು. ಎರಡು ಸಲವೂ ಅವಳು ಅವುಗಳನ್ನು ಹಿಂದಕ್ಕೆ ಎಳೆದುಕೊಂಡಳು. ಆಮೇಲೆ ಕೈಕಟ್ಟಿ, ತುಟಿಯ ಮೇಲೆ ಸಣ್ಣ ನಗೆಯಿಟ್ಟುಕೊಂಡು, ಅವನು ಹೇಳಿಕೊಟ್ಟ ಹಾಗೆಯೇ ತಾಳ್ಮೆಯಿಂದ ಕೂತಳು.